ಮೂಲೆ ಕತ್ತರಿಸಿದ ಚಿತ್ರ

“ಗುರುಗಳೇ, ಎಲ್ಲರ ಕಣ್ಣಿಗೂ ಬೀಳುವಂತೆ ಅಂತರ್ಜಾಲದಲ್ಲಿ ಇಟ್ಟಿರುವ ಚಿತ್ರವನ್ನು ನಾನು ತೆಗೆದುಕೊಂಡರೆ ಅದು ಕಳವು ಹೇಗಾಗುತ್ತದೆ? ನಾನು ತೆಗೆದುಕೊಂಡ ಮೇಲೂ ಅದು ಇದ್ದಲ್ಲೇ ಇರುತ್ತದಲ್ಲ. ಹಾಗಾದರೆ ಕಳೆದುಕೊಂಡವರು ಯಾರು?”

ಕೇಳಿದವನು ಮಠದಲ್ಲಿದ್ದ ಅಡಿವೆಪ್ಪನೆಂಬ ಶಿಷ್ಯ. ಅವನ ಅಣ್ಣ ಊರಿನಲ್ಲಿ ಬೇಕರಿ ತೆರೆದಿದ್ದ. ಅದಕ್ಕೊಂದು ಜಾಲತಾಣ ಮಾಡಿಕೊಡುವ ಹೊಣೆ ತಮ್ಮನ ಮೇಲೆ ಬಿದ್ದಿತ್ತು. ಯಾರೋ ಎಲ್ಲೋ ತೆಗೆದ ಬ್ರೆಡ್ಡಿನ, ಬೆಣ್ಣೆ ಬಿಸ್ಕತ್ತಿನ ಚಿತ್ರಗಳನ್ನು ಅವನು ಹುಡುಕಿ ಆರಿಸಿಟ್ಟುಕೊಂಡಿದ್ದ. ಹಾಕುವುದೊಂದೇ ಬಾಕಿ. ಆದರೂ ಮನಸ್ಸಿನಲ್ಲಿ ಏನೋ ಅಳುಕು ಉಳಿದಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಮರದ ತೊಟ್ಟಿಲು ಮಾಡಿ ಅದಕ್ಕೆ ಅರಗಿನ ಬಣ್ಣ ಕೊಡುವುದು ಅವನ ಮನೆತನದ ಕಸುಬು. ಸುತ್ತಲಿನ ಎಷ್ಟೋ ಊರಿನ ಮಕ್ಕಳು ಅವನ ತೊಟ್ಟಿಲಲ್ಲಿ ಮಲಗಿ ಬೆಳೆದಿದ್ದವು. ಅವನ ಮನೆಯಲ್ಲಿ ಮಾತ್ರ ತೊಟ್ಟಿಲು ತೂಗುವ ಯೋಗ ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ. ಆ ವಿಷಯವನ್ನು ಅವರು ಆಡಿ, ಅತ್ತು, ಮುಗಿಸಿ ಬಹಳ ಕಾಲವಾಗಿತ್ತು.

ಕಾಲ ಬದಲಾಯಿತು. ಮಡಚಿ ಇಡಬಹುದಾದ ಕಬ್ಬಿಣದ ತೊಟ್ಟಿಲುಗಳು ಪೇಟೆಗೆ ಬಂದವು. ಬಡಗಿಯ ಬಾಗಿಲಿಗೆ ಬರುವವರು ಕಡಿಮೆಯಾದರು. ಈಗ ಜನ ಬಾಗಿಲಿಗೆ ಬರುವುದಿಲ್ಲ, ಫೋನಿನಲ್ಲಿ ನೋಡಿ ತರಿಸಿಕೊಳ್ಳುತ್ತಾರೆ, ನಮ್ಮದೂ ಅಲ್ಲಿ ಕಾಣಿಸಲಿ ಎಂದು ಹೆಂಡತಿ ಹೇಳಿದಳು. ಬಡಗಿ ಒಪ್ಪಿದ. ಬೆರಳಿಗೆ ಉಳಿ ಒಗ್ಗಿದ ಹಾಗೆ ಕಂಪ್ಯೂಟರ್ ಒಗ್ಗಲಿಲ್ಲ; ಆದರೂ ಕೇಳಿ ಕೇಳಿ ಕಲಿತು ಒಂದು ಜಾಲತಾಣ ಮಾಡಿಕೊಂಡ.

ತನ್ನ ತೊಟ್ಟಿಲಿನ ಚಿತ್ರ ತೆಗೆದು ಅದರಲ್ಲಿ ಹಾಕಿದ. ಹೆಂಡತಿ ನೋಡಿ, ಬರಿದಾದ ತೊಟ್ಟಿಲು ನೋಡಲು ಚೆನ್ನಲ್ಲ ಎಂದಳು. ಅವನಿಗೂ ಹಾಗೇ ಅನಿಸಿತು. ಮಗುವಿರುವ ಮನೆಯವರನ್ನು ಕೇಳಬಹುದಿತ್ತು. ಆದರೆ ಮಗುವನ್ನು ಕೊಡಿ, ಚಿತ್ರ ತೆಗೆಯುತ್ತೇನೆ ಎಂದು ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು ಕೇಳಲು ಅವನಿಗೆ ಸಂಕೋಚ. ಅಂತರ್ಜಾಲದಲ್ಲಿ ಹುಡುಕಿದ. ಅಲ್ಲಿ ಸಂಕೋಚವಿರಲಿಲ್ಲ, ಹೊಸ್ತಿಲೂ ಇರಲಿಲ್ಲ.

ಒಂದು ಚಿತ್ರ ಸಿಕ್ಕಿತು. ಮರದ ತೊಟ್ಟಿಲಲ್ಲಿ ಒಂದು ಮಗು, ಕೆನ್ನೆಯ ಕೆಳಗೆ ಮುಷ್ಟಿ ಇಟ್ಟುಕೊಂಡು ಮಲಗಿದೆ. ತೊಟ್ಟಿಲು ಅವನದಲ್ಲ, ಅವನದರ ಹಾಗೆಯೇ ಇತ್ತು. ಚಿತ್ರದ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತೆಗೆದವರ ಹೆಸರಿತ್ತು. ಬಡಗಿಯ ಕೈ ಒಂದು ಕ್ಷಣ ತಡೆಯಿತು. ಇಷ್ಟು ದೊಡ್ಡ ಜಗತ್ತಿನಲ್ಲಿ ಯಾರು ನೋಡುತ್ತಾರೆ ಎಂದುಕೊಂಡು ಆ ಮೂಲೆಯನ್ನು ಕತ್ತರಿಸಿದ. ಚಿತ್ರದ ಕೆಳಗೆ ‘ನಮ್ಮ ತೊಟ್ಟಿಲಲ್ಲಿ ನೆಮ್ಮದಿಯ ನಿದ್ದೆ’ ಎಂದು ಬರೆದ. ಪಕ್ಕದಲ್ಲಿ ತೊಟ್ಟಿಲಿನ ಬೆಲೆ ಹಾಕಿದ.

ಚಿತ್ರ ನೋಡಿ ಜನ ಬಂದರು. ದೂರದ ಊರುಗಳಿಂದ ಕರೆ ಬರತೊಡಗಿತು. ಮಗು ಯಾರದು ಎಂದು ಕೆಲವರು ಕೇಳುವರು. ಮೊದಮೊದಲು ಅವನು ನಕ್ಕು ಮಾತು ತೇಲಿಸಿದ. ಒಂದು ದಿನ, ನಮ್ಮ ಮನೆಯದೇ ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಅಂದ ಮೇಲೆ ಎದೆಯೊಳಗೆ ಏನೋ ಬೆಚ್ಚಗಾಯಿತು. ಮುಂದೆ ಅದೇ ರೂಢಿಯಾಯಿತು.

ಹೆಂಡತಿ ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಕೆಲಸದ ಕೋಣೆಯ ಗೋಡೆಗೆ ತೂಗುಹಾಕಿದಳು. ಬೆಳಗ್ಗೆ ಕಸ ಗುಡಿಸುವಾಗ ಅದರ ಎದುರಿಗೆ ಬಂದರೆ ಪೊರಕೆಯ ಸದ್ದು ತಗ್ಗಿಸುತ್ತಿದ್ದಳು. ಬಡಗಿ ಅದನ್ನು ನೋಡಿದರೂ ನೋಡದವನ ಹಾಗೆ ಇರುತ್ತಿದ್ದ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕರೆ ಮಾಡಿದಳು. ಯಾವ ಮರ, ಎಂಥ ಬಣ್ಣ ಎಂದು ವಿಚಾರಿಸಿದಳು. ಬಡಗಿ ಹುರುಪಿನಿಂದ ಎಲ್ಲ ಹೇಳಿದ. ಕೊನೆಗೆ ಅವಳು ಕೇಳಿದಳು.

“ಚಿತ್ರದಲ್ಲಿರುವ ಮಗು ಯಾರದು?”

“ನಮ್ಮ ಮನೆಯದೇ ತಾಯಿ.”

ಅವಳು ದನಿ ತಗ್ಗಿಸಿ ಕೇಳಿದಳು.

“ಈಗ ಹೇಗಿದ್ದಾನೆ?”

“ಚೆನ್ನಾಗಿದ್ದಾನೆ. ನಡೆಯುವುದು ಕಲಿತಿದ್ದಾನೆ. ಹಿಡಿಯಹೋದರೆ ಸಿಗುವುದಿಲ್ಲ.”

“ಮಾತಾಡುತ್ತಾನೆಯೇ?”

“ಈಗೀಗ ಒಂದೊಂದೇ ಮಾತು.”

“ಏನನ್ನುತ್ತಾನೆ?”

ಬಡಗಿಯ ಮನೆಯಲ್ಲಿ ಮಗುವಿನ ತೊದಲು ಮಾತು ಎಂದೂ ಕೇಳಿದ್ದಿಲ್ಲ.

“ಅವ್ವ ಅನ್ನುತ್ತಾನೆ” ಎಂದ.

ಆ ಕಡೆಯಿಂದ ಉಸಿರು ಸೆಳೆದುಕೊಂಡ ಸದ್ದು ಬಂತು. ಅವಳು ಅಳುತ್ತಿದ್ದಾಳೆಂದು ಬಡಗಿಗೆ ತಿಳಿಯಲು ತಡವಾಯಿತು. ತಪ್ಪು ಮಾತೇನಾದರೂ ಆಡಿದೆನೇ ತಾಯಿ ಎಂದು ಕೇಳಿದ.

“ಆ ಚಿತ್ರ ತೆಗೆದವಳು ನಾನು. ಮಗು ನನ್ನದು. ನಡೆಯುವಷ್ಟು ದೊಡ್ಡವನಾಗಲಿಲ್ಲ ಅವನು” ಎಂದಳು. “ನೀವು ಹೇಳುವುದು ಸುಳ್ಳೆಂದು ಗೊತ್ತಿದ್ದೂ ಕೇಳುತ್ತಾ ಹೋದೆ. ಇನ್ನು ಆ ಚಿತ್ರವನ್ನು ತೆಗೆದುಬಿಡಿ.”

ಕರೆ ನಿಂತಿತು.

ಬಡಗಿ ಕೂತಲ್ಲಿಂದ ಏಳಲಿಲ್ಲ. ಹೆಂಡತಿ ಊಟಕ್ಕೆ ಕರೆಯಲು ಬಂದವಳು ಅವನ ಮುಖ ನೋಡಿ ಪಕ್ಕದಲ್ಲಿ ಕೂತಳು. ಅವನು ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಎದ್ದು ಗೋಡೆಯ ಚಿತ್ರವನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ಬಿಸಿಲು ಇಳಿಯುವವರೆಗೂ ಹಾಗೇ ಕೂತಿದ್ದಳು. ಆ ದಿನ ಅವರ ಮನೆಯಲ್ಲಿ ಸೂತಕವಿದ್ದ ಹಾಗಿತ್ತು.

ಬಡಗಿ ಅಂದೇ ಜಾಲತಾಣದಿಂದ ಚಿತ್ರವನ್ನು ತೆಗೆದ. ಇಲ್ಲಿಗೆ ಮುಗಿಯಿತು ಎಂದುಕೊಂಡ. ಮುಗಿಯಲಿಲ್ಲ. ಅವನ ಜಾಲತಾಣದಿಂದ ಒಬ್ಬ ಆಟಿಕೆ ವ್ಯಾಪಾರಿ ಅದೇ ಚಿತ್ರವನ್ನು ತೆಗೆದುಕೊಂಡಿದ್ದ. ಅವನಿಂದ ಒಬ್ಬ ಬಟ್ಟೆ ವ್ಯಾಪಾರಿ. ಅವನಿಂದ ಇನ್ಯಾರೋ. ಎಲ್ಲ ಕಡೆಯೂ ಇದ್ದದ್ದು ಬಡಗಿ ಮೂಲೆ ಕತ್ತರಿಸಿದ ಚಿತ್ರವೇ. ಹೆಸರಿದ್ದಿದ್ದರೆ ಯಾರಾದರೊಬ್ಬರು ಕೇಳುತ್ತಿದ್ದರೋ ಏನೋ. ಹೆಸರು ಹೋದ ಮೇಲೆ ಕೇಳಬೇಕಾದವರು ಯಾರೆಂಬುದೇ ಯಾರಿಗೂ ತಿಳಿಯದೆ ಹೋಯಿತು.

ಬಡಗಿ ಒಬ್ಬೊಬ್ಬರಿಗೂ ಕರೆ ಮಾಡಿ ಬೇಡಿಕೊಂಡ. ಕೆಲವರು ತೆಗೆದರು. ಕೆಲವರು ಕರೆ ಎತ್ತಲಿಲ್ಲ. ಆಟಿಕೆ ವ್ಯಾಪಾರಿ, “ನೀನು ತೆಗೆದುಕೊಂಡದ್ದನ್ನೇ ನಾನೂ ತೆಗೆದುಕೊಂಡೆ. ನಿನಗೆ ಆಗ ಇಲ್ಲದ ನೋವು ನನಗೇಕೆ ಬರಬೇಕು?” ಎಂದ.

ಪರಿಚಯದ ವಕೀಲರೊಬ್ಬರನ್ನು ಕಂಡ. ಅವರು ಕಾನೂನು ಬಿಡಿಸಿ ಹೇಳಿದರು. ಚಿತ್ರ ತೆಗೆದವರದೇ ಚಿತ್ರ. ಹೆಸರು ಬರೆದಿರಲಿ, ಬಿಟ್ಟಿರಲಿ. ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಎಲ್ಲರದಲ್ಲ. ಹೆಸರು ಹಾಕಿ ಬಳಸಿದರೂ ಸಾಲದು, ಒಪ್ಪಿಗೆ ಬೇಕು. ಈಗ ತೆಗೆದುಹಾಕಿದ್ದೀಯ, ಸರಿ. ಆದರೆ ಬಳಸಿದ್ದು ಬಳಸಿದ್ದೇ. ಆಕೆ ನೋಟಿಸು ಕಳಿಸಿದರೆ ನೀನು ತಲೆಬಾಗಬೇಕು ಎಂದರು.

ಬಡಗಿ ನೋಟಿಸಿಗೆ ಕಾದ. ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತೆರಬೇಕಾದದ್ದು ಇಷ್ಟು ಎಂದು ಯಾರಾದರೂ ಅಳೆದು ಹೇಳುತ್ತಿದ್ದರು. ಈಗ ಅಳತೆಯೇ ಇರಲಿಲ್ಲ. ಉಳಿ ಹಿಡಿದರೆ ಕೈ ಓಡುತ್ತಿರಲಿಲ್ಲ. ಬಂದ ಬೇಡಿಕೆಗಳನ್ನು ಮುಂದಕ್ಕೆ ಹಾಕಿದ.

ಕೊನೆಗೆ ಹೆಂಡತಿ, ಹೋಗಿ ಬರೋಣ ಎಂದಳು. ಕತ್ತರಿಸುವ ಮೊದಲಿನ ಚಿತ್ರದಲ್ಲಿದ್ದ ಹೆಸರು ಹಿಡಿದು ಹುಡುಕಿ, ಆ ತಾಯಿಯ ಊರಿಗೆ ಬಸ್ಸು ಹತ್ತಿದರು. ಮನೆಯಿಂದ ಹೊರಡುವ ಮೊದಲು ಬಡಗಿ, ತಪ್ಪು ಕಾಣಿಕೆಯಾಗಿ ಒಳ್ಳೆಯದೊಂದು ತೊಟ್ಟಿಲು ಒಯ್ಯಬೇಕೆಂದು ಆರಿಸಿ ಇಟ್ಟಿದ್ದ. ಹೆಂಡತಿ ಅವನ ಮುಖ ನೋಡಿದಳು. ಅವನೇ ತೊಟ್ಟಿಲನ್ನು ಮತ್ತೆ ಒಳಗಿಟ್ಟ. ಗೋಡೆಯಿಂದ ಇಳಿಸಿದ ಚಿತ್ರವನ್ನು ಹೆಂಡತಿ ಬಟ್ಟೆಯಲ್ಲಿ ಸುತ್ತಿ ತಂದಳು.

ಆ ತಾಯಿ ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತಿದ್ದಳು. ಊರಿನ ಕೂಸುಗಳ ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಚಿತ್ರ ತೆಗೆಯುವುದು ಅವಳ ಜೀವನ. ಇವರು ಯಾರೆಂದು ತಿಳಿದ ಮೇಲೂ ಒಳಗೆ ಕರೆದಳು. ಕುಡಿಯಲು ನೀರು ಕೊಟ್ಟಳು. ಬಡಗಿ ನೀರು ಮುಟ್ಟದೆ, ತಪ್ಪಾಯಿತು, ನಿಮ್ಮ ಹೆಸರನ್ನು ಕತ್ತರಿಸಿದವನು ನಾನೇ ಎಂದ. ಎಲ್ಲೆಲ್ಲಿಂದ ಚಿತ್ರ ತೆಗೆಸಿಹಾಕಿದೆ, ಎಲ್ಲೆಲ್ಲಿ ಆಗಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದ.

ಅವಳು ಕೇಳಿಸಿಕೊಂಡಳು. ಆಮೇಲೆ ಹೇಳಿದಳು.

“ಎಲ್ಲರೂ ನನಗೆ ಒಂದೇ ಸಮಾಧಾನ ಹೇಳಿದರು. ಚಿತ್ರ ನಿನ್ನ ಹತ್ತಿರವೂ ಇದೆಯಲ್ಲ, ಹೋದದ್ದೇನು ಎಂದರು. ಇದೆ, ನಿಜ. ಆದರೆ ಈಗ ಅದನ್ನು ತೆಗೆದು ನೋಡಿದರೆ, ನನ್ನ ಮಗು ಕಾಣುವುದಕ್ಕೆ ಮೊದಲು ಪಕ್ಕದಲ್ಲಿದ್ದ ಬೆಲೆ ಕಾಣುತ್ತದೆ.”

ಬಡಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಹೆಂಡತಿ ಬಟ್ಟೆ ಬಿಚ್ಚಿ ಚಿತ್ರವನ್ನು ತಾಯಿಯ ಕೈಗಿಟ್ಟಳು. ನಮಗೆ ಮಕ್ಕಳಿಲ್ಲ, ಅದಕ್ಕೇ ಇವರ ಬಾಯಲ್ಲಿ ಆ ಸುಳ್ಳು ಬಂತು, ಬರಬಾರದಿತ್ತು ಎಂದಳು. ನಾನು ಬೆಳಗ್ಗೆ ಎದ್ದು ಇವನ ಮುಖ ನೋಡುತ್ತಿದ್ದೆ ಎಂದಳು. ಆಮೇಲೆ, ಕೇಳಲೋ ಬೇಡವೋ ಎನ್ನುತ್ತ, ಇವನ ಹೆಸರೇನು ತಾಯಿ ಎಂದು ಕೇಳಿದಳು.

ತಾಯಿ ಮಗುವಿನ ಹೆಸರು ಹೇಳಿದಳು. ಬಹಳ ದಿನದಿಂದ ಆ ಹೆಸರನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಮನೆಯವರು ಅದನ್ನು ಎತ್ತಲು ಹೆದರುತ್ತಿದ್ದರು. ಹೆಸರು ಹೇಳಿದವಳು ಅಲ್ಲಿಗೆ ನಿಲ್ಲಿಸಲಿಲ್ಲ. ಅವನು ಹಸಿವಾದರೆ ಅಳುತ್ತಿರಲಿಲ್ಲ, ಮುಷ್ಟಿ ಚೀಪುತ್ತಿದ್ದ ಎಂದಳು. ಫ್ಯಾನು ತಿರುಗುವುದನ್ನು ನೋಡಿ ನಗುತ್ತಿದ್ದ ಎಂದಳು. ಆ ಹೆಂಗಸರಿಬ್ಬರೂ ಸಂಜೆಯವರೆಗೆ ಮಾತಾಡಿದರು. ಬಡಗಿ ಬಾಗಿಲ ಬಳಿ ಕೂತು ಕೇಳಿದ. ಒಂದೆರಡು ಸಲ ಅವನೂ ನಕ್ಕ. ನಕ್ಕದ್ದಕ್ಕೆ ಅಂಜಿ ತಲೆ ತಗ್ಗಿಸಿದ.

ಹೊರಡುವಾಗ ತಾಯಿ ಚಿತ್ರವನ್ನು ತನ್ನ ಬಳಿಯೇ ಇಟ್ಟುಕೊಂಡಳು. ಒಂದು ಪ್ರತಿ ನಮ್ಮ ಮನೆಯೊಳಗೆ ಇಟ್ಟುಕೊಳ್ಳಬಹುದೇ, ಅಂಗಡಿಯಲ್ಲಿ ಅಲ್ಲ, ಎಂದು ಹೆಂಡತಿ ಕೇಳಿದಳು. ಈಗ ಏನೂ ಹೇಳಲಾರೆ ಎಂದಳು ತಾಯಿ. ಹೆಂಡತಿ ತಲೆಯಾಡಿಸಿ ಬಸ್ಸು ಹತ್ತಿದಳು.

ಬಡಗಿ ಮತ್ತೆ ಉಳಿ ಹಿಡಿದ. ಜಾಲತಾಣದಲ್ಲಿ ಬರಿದಾದ ತೊಟ್ಟಿಲಿನ ಚಿತ್ರವನ್ನೇ ಹಾಕಿದ. ಕೊಳ್ಳುವವರು ಮೊದಲಿನಷ್ಟು ಬರಲಿಲ್ಲ. ಬಂದವರಲ್ಲಿ ಒಬ್ಬರು ತಮ್ಮ ಕೂಸು ತೊಟ್ಟಿಲಲ್ಲಿ ಮಲಗಿದ ಚಿತ್ರವನ್ನು ಪ್ರೀತಿಯಿಂದ ಕಳಿಸಿದರು. ಇದನ್ನು ಹಾಕಿಕೊಳ್ಳಲೇ ಎಂದು ಬಡಗಿ ಅವರಿಗೆ ಕರೆ ಮಾಡಿ ಕೇಳಿದ. ಬೇಡ, ದೃಷ್ಟಿಯಾಗುತ್ತದೆ ಎಂದರು. ಹಾಕಲಿಲ್ಲ. ಇನ್ನೊಬ್ಬರು ಹಾಕಿ ಎಂದರು. ಆ ಒಪ್ಪಿಗೆಯನ್ನು ಬರೆದು ಕಳಿಸಿ, ತೆಗೆದವರ ಹೆಸರನ್ನೂ ತಿಳಿಸಿ ಎಂದ. ಅವರು ನಕ್ಕರು. ಆದರೂ ಕಳಿಸಿದರು.

ಮಳೆಗಾಲ ಕಳೆದ ಮೇಲೆ ಅಂಚೆಯವನು ಒಂದು ಚಪ್ಪಟೆ ಕಟ್ಟು ತಂದ. ಹೆಂಡತಿ ಬಿಚ್ಚಿದಳು. ಆ ತಾಯಿಯ ಮಗು ಎಚ್ಚರವಿದ್ದಾಗ ತೆಗೆದ ಬೇರೊಂದು ಚಿತ್ರ. ಯಾರೂ ನೋಡದೆ ಇದ್ದದ್ದು. ಮಗು ಮೇಲೆ ನೋಡಿ ನಗುತ್ತಿತ್ತು. ಹೆಂಡತಿ ಅದನ್ನು ದೇವರ ಕೋಣೆಯಲ್ಲೂ ಇಡಲಿಲ್ಲ, ಗೋಡೆಗೂ ಹಾಕಲಿಲ್ಲ. ಸೀರೆಗಳ ನಡುವೆ ಇಟ್ಟುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪ ಕಣ್ಣೊರೆಸಿಕೊಂಡ. ಅಣ್ಣನ ಬೇಕರಿಗೆ ಹೋಗಿ ಅವನೇ ಬೇಯಿಸಿದ ಬ್ರೆಡ್ಡಿನ ಚಿತ್ರವನ್ನೇ ತೆಗೆಯುತ್ತೇನೆ ಎಂದ. ಸ್ವಲ್ಪ ಹೊತ್ತಿನ ಮೇಲೆ, ಇಂಥ ಕತೆ ನಾಲ್ಕು ಜನಕ್ಕೆ ಮುಟ್ಟಬೇಕು, ಇಂದೇ ಬರೆದು ಮಠದ ಜಾಲತಾಣದಲ್ಲಿ ಹಾಕುತ್ತೇನೆ, ಆ ಬಡಗಿಯ ಹೆಸರೇನು, ಆ ತಾಯಿಯ ಊರು ಯಾವುದು ಎಂದು ಕೇಳಿದ.

ಗುರುಗಳು ಹೇಳಿದರು, “ಹೆಸರು ಬಿಟ್ಟು ಹೇಳಿ ಎಂದು ಆ ತಾಯಿ ನನಗೆ ಒಪ್ಪಿಗೆ ಕೊಟ್ಟಿದ್ದಾಳೆ. ಬರೆದು ಹಾಕಲು ನೀನು ಅವಳನ್ನು ಕೇಳಿದೆಯಾ?”