ಅಸಲನ್ನು ತೆರೆದ ನಕಲುಗಾರ

“ಮೇಷ್ಟ್ರೇ, ನಕಲೂ ಅಸಲೂ ಒಂದಕ್ಷರ ಬಿಡದೆ ಹೊಂದಿವೆ. ಎರಡರ ಸಂಖ್ಯೆಯೂ ಒಂದೇ. ಆದರೂ ನನ್ನ ವರದಿಗೆ ನೀವು ಯಾಕೆ ಸಹಿ ಹಾಕುತ್ತಿಲ್ಲ?” ಎಂದು ಭಾಗೀರಥಿ ಕೇಳಿದಳು.

ಪೊಲೀಸರು ಜಪ್ತಿ ಮಾಡಿ ತರುವ ಹಾರ್ಡ್ ಡಿಸ್ಕುಗಳನ್ನು ನಕಲು ಮಾಡುವ ವಿದ್ಯೆಯನ್ನು ಅವಳು ಹಂಪಣ್ಣ ಮೇಷ್ಟ್ರ ಬಳಿ ಎರಡು ವರ್ಷದಿಂದ ಕಲಿಯುತ್ತಿದ್ದಳು. ಮೇಷ್ಟ್ರು ವರದಿಯನ್ನು ಮಡಚಿ ಮೇಜಿನ ಮೇಲಿಟ್ಟರು.

“ಕೂತುಕೋ ತಾಯಿ. ಸಹಿಗೇನು, ಎರಡು ಗೀಟು. ಮೊದಲು ಒಂದು ಕತೆ ಕೇಳು” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ನಕಲುಗಾರನಿದ್ದ. ನಕಲುಗಾರನೆಂದರೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಳ್ಳುವವನಲ್ಲ, ನಗಬೇಡ. ನಿನ್ನ ಕೆಲಸವೇ ಅವನ ಕೆಲಸ. ಕಪ್ಪು ಪರದೆಯ ಮುಂದೆ ಕೂತು ಒಂದೇ ಸಾಲಿನ ಕಮಾಂಡ್ ಬರೆಯುತ್ತಿದ್ದ: ಇದರಿಂದ ತೆಗೆ, ಅದರಲ್ಲಿ ಇಡು. ಎರಡು ಡಿಸ್ಕಿನ ಹೆಸರು ಅದಲುಬದಲಾದರೆ ಮುಗಿಯಿತು, ಅಸಲೇ ಅಳಿಸಿಹೋಗುತ್ತದೆ. ಆದ್ದರಿಂದ ಎಂಟರ್ ಒತ್ತುವ ಮುನ್ನ ಆ ಸಾಲನ್ನು ಮೂರು ಸಲ ಬಾಯಿಬಿಟ್ಟು ಓದುತ್ತಿದ್ದ. ಎಷ್ಟೋ ದಿನ ಅವನ ಬಾಯಿಂದ ಹೊರಟ ಮಾತು ಅಷ್ಟೇ.

ನಕಲು ಮುಗಿದ ಮೇಲೆ ಹ್ಯಾಶ್ ತೆಗೆಯುತ್ತಿದ್ದ. ಇಡೀ ಡಿಸ್ಕನ್ನು ಅರೆದು ಯಂತ್ರ ಒಂದು ಉದ್ದನೆಯ ಸಂಖ್ಯೆ ಕೊಡುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಸಂಖ್ಯೆಯೆಲ್ಲ ಬದಲಾಗುತ್ತದೆ. ಅಸಲಿನ ಸಂಖ್ಯೆಯೂ ನಕಲಿನ ಸಂಖ್ಯೆಯೂ ಒಂದೇ ಬಂದರೆ ಆ ನಕಲನ್ನು ಕೋರ್ಟು ನಂಬುತ್ತದೆ. ಆ ವಿದ್ಯೆಯ ಕಟ್ಟಳೆಯೂ ನಿನಗೆ ಗೊತ್ತು. ಸೀಲು ಒಡೆದ ಡಿಸ್ಕನ್ನು ಅದರ ಮೇಲೆ ಹೊಸದೇನೂ ಬರೆಯಗೊಡದೆ ತಡೆಯುವ ಡಬ್ಬಿಯ ಮೂಲಕವೇ ಯಂತ್ರಕ್ಕೆ ಸಿಕ್ಕಿಸಬೇಕು. ಮೊದಲು ಸಂಖ್ಯೆ, ಆಮೇಲೆ ನಕಲು. ತೆರೆದು ನೋಡುವುದಿದ್ದರೆ ನಕಲನ್ನು ಮಾತ್ರ. ಅಸಲನ್ನು ಮುಟ್ಟಕೂಡದು.

ಇಪ್ಪತ್ತು ವರ್ಷ ಅವನು ಈ ಕಟ್ಟಳೆ ಮೀರಲಿಲ್ಲ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಪುಣ್ಯವಂತನೇ, ಆದರೆ ಬಾಯಿ ಬಿಡದವನ ಜೊತೆ ಎಷ್ಟು ದಿನ ಜನ ಹರಟುತ್ತಾರೆ? ಟೀ ಅಂಗಡಿಯಲ್ಲಿ ಅವನು ಬಂದು ಕೂತರೆ ಬೆಂಚಿನವರು ಮಳೆ ಬೆಳೆ ಮಾತಾಡಿ ಎದ್ದುಹೋಗುತ್ತಿದ್ದರು. ಮದುವೆಯಾಗಿರಲಿಲ್ಲ. ಬುತ್ತಿ ಬಿಚ್ಚುವಾಗ ಎದುರಿಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಒಂಟಿತನ ಅವನಿಗೆ ಅಭ್ಯಾಸವಾಗಿತ್ತು ಎಂದು ಎಲ್ಲರೂ ತಿಳಿದಿದ್ದರು. ಆಗಿರಲಿಲ್ಲ.

ಅವನಿಗೂ ಒಬ್ಬ ಗೆಳೆಯನಿದ್ದ. ವಠಾರದ ಒಂದೇ ಕೋಣೆಯಲ್ಲಿ ಎಂಟು ವರ್ಷ ಕೂಡಿ ಬಾಳಿದವರು; ಒಬ್ಬನ ಅಂಗಿಯನ್ನು ಇನ್ನೊಬ್ಬ ತೊಡುತ್ತಿದ್ದ. ಒಮ್ಮೆ ಅವರದೇ ಬೀದಿಯ ಒಬ್ಬರ ಡಿಸ್ಕು ಜಪ್ತಿಯಾಗಿ ಬಂತು. “ಅದರಲ್ಲೇನಿತ್ತೋ?” ಎಂದು ಗೆಳೆಯ ಕೇಳಿದ. ಇವನು ಹೇಳಲಿಲ್ಲ. ಗೆಳೆಯ ಮತ್ತೆ ಕೇಳಿದ. ಇವನು ಊಟದ ತಟ್ಟೆ ನೋಡುತ್ತ ಕೂತ. “ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಯಿತು” ಎಂದು ಗೆಳೆಯ ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆ ಹಿಡಿದ. ಹನ್ನೊಂದು ವರ್ಷ ಮಾತಿಲ್ಲ. ಕಾರಣ ನೋಡಿದರೆ ಕಡ್ಡಿಯಷ್ಟು. ಆದರೂ ಮೊದಲು ಹೋಗಿ ಮಾತಾಡಿಸುವವರು ಯಾರು?

ಒಂದು ಮಂಗಳವಾರ ಸೀಲು ಹಾಕಿದ ಕವರೊಂದು ನಕಲುಗಾರನ ಮೇಜಿಗೆ ಬಂತು. ಅದರ ಮೇಲೆ ಆ ಗೆಳೆಯನ ಹೆಸರಿತ್ತು.

ಗೆಳೆಯ ಪರೀಕ್ಷಾ ಕಚೇರಿಯಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದ. ಪತ್ರಿಕೆ ಬಯಲಾಗಿತ್ತು. ಭಾನುವಾರ ಗೆಳೆಯನೇ ಕಚೇರಿಗೆ ಬಂದು ಅದನ್ನು ತೆರೆದು ಹೊರಗೆ ಕೊಟ್ಟದ್ದನ್ನು ಕಂಡೆ ಎಂದು ಜೊತೆಯ ನೌಕರನೊಬ್ಬ ಸಾಕ್ಷಿ ಹೇಳಿದ್ದ. “ಗುರುವಾರ ಸಂಜೆ ಮುಚ್ಚಿಟ್ಟವನು ಮತ್ತೆ ಅದನ್ನು ತೆರೆದೇ ಇಲ್ಲ” ಎನ್ನುವುದು ಗೆಳೆಯನ ಮಾತು. ಫೈಲನ್ನು ಕೊನೆಯ ಸಲ ಯಾವತ್ತು ತೆರೆದರು ಎಂಬ ತಾರೀಖು ಡಿಸ್ಕಿನಲ್ಲಿರುತ್ತದೆ. ಅಲ್ಲಿ ಗುರುವಾರವಿದ್ದರೆ ಗೆಳೆಯ ಮನೆಗೆ, ಭಾನುವಾರವಿದ್ದರೆ ಜೈಲಿಗೆ. ಅವನ ಪರವಾಗಿ ಲೋಕದಲ್ಲಿ ಬೇರೆ ಸಾಕ್ಷಿಯಿರಲಿಲ್ಲ. ಜಪ್ತಿ ಮಾಡಿದವರು ಸಂಖ್ಯೆ ತೆಗೆದಿರಲಿಲ್ಲ. ಅದು ನಕಲುಗಾರನಿಗೆ ಬಿಟ್ಟ ಕೆಲಸ.

ಈತ ನನಗೆ ಬೇಕಾದವನು, ಬೇರೆಯವರಿಗೆ ಕೊಡಿ ಎಂದು ಅವನು ಹೇಳಬೇಕಿತ್ತು. ಹೇಳಲಿಲ್ಲ. ಕವರು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಅವನು ನನ್ನನ್ನು ನೆನೆದಿದ್ದಾನೆಯೇ? ತಲೆಯೊಳಗೆ ಇದೊಂದೇ ಮಾತು. ಸೀಲು ಒಡೆದ. ಕಪ್ಪು ಪರದೆಯ ಯಂತ್ರದಲ್ಲಿ ಮಾಡಿದ್ದೆಲ್ಲ ದಾಖಲಾಗುತ್ತದೆ. ಅಲ್ಲಿ ಇಣುಕಲು ನಾಚಿಕೆ. ಪಕ್ಕದ ಮೇಜಿನ ಸಾದಾ ಕಂಪ್ಯೂಟರಿಗೆ, ಡಬ್ಬಿಯಿಲ್ಲದೆ, ಅಸಲನ್ನೇ ಸಿಕ್ಕಿಸಿದ. ಪ್ರಶ್ನೆಪತ್ರಿಕೆಯ ಗೋಜಿಗೆ ಹೋಗಲಿಲ್ಲ. ತನ್ನ ಹೆಸರು ಹುಡುಕಿದ.

ಸಿಕ್ಕಿತು! ಅವನಿಗೇ ಬರೆದ ಪತ್ರ. ಒಂದಲ್ಲ, ಒಂಬತ್ತು. ಬರೆದು ಬರೆದು ಅರ್ಧಕ್ಕೆ ಬಿಟ್ಟವು, ಒಂದನ್ನೂ ಕಳಿಸಿರಲಿಲ್ಲ. ಕೊನೆಯದರಲ್ಲಿ ಹೀಗಿತ್ತು: “ಅವತ್ತು ನೀನು ಹೇಳದೆ ಇದ್ದದ್ದೇ ಸರಿ ಮಾರಾಯ. ಹೇಳಿದ್ದರೆ ನಾನು ಬೀದಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಬಂದು ಮಾತಾಡಿಸಬೇಕು ಅನ್ನಿಸುತ್ತೆ, ಕಾಲು ಏಳೋದಿಲ್ಲ.”

ನಕಲುಗಾರ ಮುಖ ಮುಚ್ಚಿಕೊಂಡು ಅತ್ತ. ಸಂತೋಷಕ್ಕೆ ಅತ್ತ, ತಾಯಿ. ಆಮೇಲೆ ಕಣ್ಣೊರೆಸಿಕೊಂಡು ಡಿಸ್ಕನ್ನು ಡಬ್ಬಿಗೆ ಸಿಕ್ಕಿಸಿದ, ಕಮಾಂಡನ್ನು ಮೂರು ಸಲ ಓದಿದ, ಸಂಖ್ಯೆ ತೆಗೆದ, ನಕಲು ಮಾಡಿದ, ಮತ್ತೆ ಸಂಖ್ಯೆ ತೆಗೆದ. ಎರಡೂ ಒಂದೇ. ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಇನ್ನು ಗೆಳೆಯನನ್ನು ಬಿಡಿಸಿಕೊಂಡು ಬರುವುದೊಂದೇ ಬಾಕಿ ಎಂದು ನಕಲನ್ನು ತೆರೆದು ಪ್ರಶ್ನೆಪತ್ರಿಕೆಯ ತಾರೀಖು ನೋಡಿದ.

ಗುರುವಾರವಿರಲಿಲ್ಲ. ಭಾನುವಾರವೂ ಇರಲಿಲ್ಲ. ಮಂಗಳವಾರ, ಅದೇ ದಿನ, ಕೆಲವು ಗಂಟೆಯ ಹಿಂದೆ ಎಂದಿತ್ತು.

ಪಕ್ಕದ ಮೇಜಿನ ಕಂಪ್ಯೂಟರು ಮೈಗಳ್ಳನಾಗಿರಲಿಲ್ಲ. ಹೊಸ ಡಿಸ್ಕು ಕಂಡದ್ದೇ, ವೈರಸ್ಸು ಇದೆಯೋ ಎಂದು ತಾನಾಗಿ ಒಂದೊಂದು ಫೈಲನ್ನೂ ತೆರೆದು ನೋಡಿ ಮುಚ್ಚಿತ್ತು. ತೆರೆದದ್ದಕ್ಕೆಲ್ಲ ಅಂದಿನ ತಾರೀಖು ಬಿದ್ದಿತ್ತು. ಇವನು ಪತ್ರ ಓದುತ್ತಿದ್ದಾಗ ಹಿಂದುಗಡೆಯಲ್ಲಿ ಗೆಳೆಯನ ಗುರುವಾರ ಅಳಿಸಿಹೋಗಿತ್ತು. ಮತ್ತೆ ತರಲು ಯಾವ ಕಮಾಂಡೂ ಇರಲಿಲ್ಲ. ಒಡೆದ ಮೊಸರಿನ ಗಡಿಗೆಯ ಮುಂದೆ ಕೂತವನಂತೆ ಅವನು ಸಂಜೆಯವರೆಗೂ ಕೂತ.

ಕೋರ್ಟಿನಲ್ಲಿ ಅವನು ಸುಳ್ಳು ಹೇಳಲಿಲ್ಲ. “ಸಂಖ್ಯೆ ನಿಜ. ಆದರೆ ಸಂಖ್ಯೆ ತೆಗೆಯುವ ಮುಂಚೆ ಅಸಲನ್ನು ನಾನೇ ತೆರೆದೆ” ಎಂದ. ನ್ಯಾಯಾಧೀಶರು ಡಿಸ್ಕನ್ನು ಸಾಕ್ಷಿಯಿಂದ ತೆಗೆದುಹಾಕಿದರು. ನೌಕರನ ಸಾಕ್ಷಿಯೊಂದೇ ಉಳಿಯಿತು. ಗೆಳೆಯನಿಗೆ ಮೂರು ವರ್ಷ ಸಜೆಯಾಯಿತು.

ಹೊರಗಿನ ಜಗಲಿಯಲ್ಲಿ ಪೊಲೀಸರ ನಡುವೆ ಗೆಳೆಯ ಎದುರಾದ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಅವನೇ ಆಡಿದ. “ಅವತ್ತು ನಾನು ಕೇಳಿದರೂ ಹೇಳಲಿಲ್ಲವಲ್ಲೋ. ಈ ಸಲ ಯಾರು ಕೇಳಿದರು ಅಂತ ನೋಡಿದೆ?”

“ನನ್ನ ಹೆಸರಿದೆಯೇನೋ ಅಂತ...” ಎಂದ ನಕಲುಗಾರ.

“ಇತ್ತಲ್ಲ” ಎಂದು ಗೆಳೆಯ ವ್ಯಾನು ಹತ್ತಿದ. ಇವನು ಕೋಣೆಗೆ ಮರಳಿ ಬುತ್ತಿ ಬಿಚ್ಚಿದ, ತಿನ್ನಲಾಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಭಾಗೀರಥಿ ಬಿಡಲಿಲ್ಲ.

“ಪಾಪ, ನಿಜ. ಆದರೆ ಅವನ ಎರಡು ಸಂಖ್ಯೆಯೂ ಸರಿಯಿತ್ತಲ್ಲ ಮೇಷ್ಟ್ರೇ?”

“ಸರಿಯಿತ್ತು” ಎಂದು ಮೇಷ್ಟ್ರು ಮಡಚಿದ್ದ ವರದಿಯನ್ನು ಬಿಡಿಸಿ ಅವಳ ಕಡೆಗೆ ತಿರುಗಿಸಿದರು. “ನೀನು ಸೀಲು ಒಡೆದದ್ದು ಹತ್ತೂವರೆಗೆ, ಸಂಖ್ಯೆ ತೆಗೆದದ್ದು ಹನ್ನೊಂದೂ ಕಾಲಿಗೆ, ನಡುವಿನ ಮುಕ್ಕಾಲು ಗಂಟೆ ಡಿಸ್ಕಿನೊಳಗೆ ಯಾರನ್ನು ಹುಡುಕುತ್ತಿದ್ದೆ, ತಾಯಿ?”

ಭಾಗೀರಥಿ ವರದಿಯನ್ನು ಮಡಚಿ ತನ್ನ ಕಡೆಗೆ ಎಳೆದುಕೊಂಡಳು.