‘ಥಿಂಕ್’ ಪಕ್ಕದ ಪುಟ್ಟ ಪದ

ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಪುಟ್ಟತಾಯಮ್ಮ ಎಂಬ ಹೆಂಗಸು ಕಾಲರ್ ಹೊಲಿಯುತ್ತಿದ್ದಳು. ಬೆಂಕಿ ಬಿದ್ದರೆ ಓಡಿಹೋಗಲೆಂದು ಇದ್ದ ಹಿಂಬಾಗಿಲಿಗೆ ಅಲ್ಲಿ ಹಗಲೆಲ್ಲ ಬೀಗ. ಬಟ್ಟೆ ಕಳುವಾಗುತ್ತದೆ ಎಂಬ ನೆಪ. ಒಳಗೆ ನೂರಾರು ಹೆಂಗಸರು. ಪುಟ್ಟತಾಯಮ್ಮ ಧೈರ್ಯ ಮಾಡಿ ದೂರು ಕೊಟ್ಟಳು.

ವಿಚಾರಣೆಗೆ ದೆಹಲಿಯಿಂದ ಕಂಪನಿಯ ಸಾಹೇಬರು ಬಂದರು. ಅವರಿಗೆ ಕನ್ನಡ ಬಾರದು. ಸೂಪರ್‌ವೈಸರ್ ಚಂದ್ರಕಾಂತ ನಡುವೆ ನಿಂತು ಮಾತು ಮುಟ್ಟಿಸುತ್ತಿದ್ದ. ಬಾಗಿಲಿಗೆ ಬೀಗವೇ ಇಲ್ಲವೆಂದ ಕಾರ್ಖಾನೆಯ ಮ್ಯಾನೇಜರನ ಮಾತು ನಂಬಿದ ಸಾಹೇಬರು, ಬೀಗದ ಕಥೆಯನ್ನು ಈಕೆಯೇ ‘ಥಿಂಕ್ ಅಪ್’ ಮಾಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಚಂದ್ರಕಾಂತ ಅವಳ ಕಡೆ ತಿರುಗಿ, “ಬಾಗಿಲ ವಿಷಯ ಚೆನ್ನಾಗಿ ಯೋಚನೆ ಮಾಡಿದ್ದೀರಂತೆ” ಎಂದ.

ಅವಳು ಕೈಮುಗಿದಳು. “ಹೌದು ಸ್ವಾಮಿ, ಬಹಳ ದಿನದಿಂದ ಮಾಡಿದ್ದೀನಿ.”

ಅವನು ಬರೀ ‘ಎಸ್’ ಎಂದು ತಿಳಿಸಿದ. ತಪ್ಪೊಪ್ಪಿಕೊಂಡಳೆಂದು ಸಾಹೇಬರು ದೂರನ್ನು ಅಲ್ಲಿಗೇ ಮುಗಿಸಿದರು. ಮ್ಯಾನೇಜರ್ ನಕ್ಕ.

ಹೊರಗೆ ಬಂದಾಗ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮಿಷನ್ನಿನ ನಸ್ರೀನ್ ತಡೆದು ಕೇಳಿದಳು. ಅವಳು ಪಿಯುಸಿ ಓದಿದವಳು. “ಅಕ್ಕಾ, ಯಾಕೆ ಒಪ್ಕೊಂಡ್ರಿ? ‘ಥಿಂಕ್ ಅಬೌಟ್’ ಅಂದಿದ್ರೆ ಅದರ ಬಗ್ಗೆ ಯೋಚಿಸೋದು. ಸಾಹೇಬರು ಅಂದಿದ್ದು ‘ಥಿಂಕ್ ಅಪ್’. ಅಂದ್ರೆ ಇಲ್ಲದ್ದನ್ನ ತಲೇಲಿ ಹುಟ್ಟಿಸೋದು.”

ಪುಟ್ಟತಾಯಮ್ಮನ ಮೈ ಉರಿದುಹೋಯಿತು. ಸುಳ್ಳುಗಾರ್ತಿ ಎಂದವರಿಗೆ ತಾನೇ ಕೈಮುಗಿದು ಬಂದಿದ್ದಳು! ನೆಟ್ಟಗೆ ಚಂದ್ರಕಾಂತನ ಮುಂದೆ ಹೋಗಿ ನಿಂತು, ಮಾತನ್ನು ಯಾಕೆ ಹಾಗೆ ತಿರುಚಿದಿರಿ ಎಂದು ಕೇಳಿದಳು.

“ಥಿಂಕ್ ಅಂದ್ರೆ ಯೋಚನೆ ತಾನೆ?” ಎಂದ ಅವನು. “ಪಕ್ಕದಲ್ಲೊಂದು ಸಣ್ಣ ಪದ ಇತ್ತು, ಬಿಟ್ಟೆ. ಅದಕ್ಕಿಷ್ಟು ರಂಪ ಯಾಕೆ?”

“ನೀವು ಬಿಟ್ಟ ಪದಕ್ಕೆ ನನ್ನ ಮಾನ ಹೋಯ್ತು. ನಾಳೆ ಬೆಂಕಿ ಬಿದ್ರೆ ಒಳಗಿರೋರ ಜೀವ ಹೋಗುತ್ತೆ. ಸಾಹೇಬರನ್ನ ಬಾಗಿಲ ಹತ್ರ ಕರೀರಿ.”

ಹೆಂಗಸರೆಲ್ಲ ಎದ್ದು ಅವಳ ಬೆನ್ನಿಗೆ ನಿಂತರು. ಸಾಹೇಬರು ಬರಲೇಬೇಕಾಯಿತು. ಬೀಗ ಕಂಡು ಅವರ ಮುಖ ಪೆಚ್ಚಾಯಿತು. ಇದನ್ನು ‘ಥಿಂಕ್ ಓವರ್’ ಮಾಡುತ್ತೇವೆ ಎಂದು ಗೊಣಗಿದರು.

ಈ ಸಲ ಚಂದ್ರಕಾಂತ ತಡವರಿಸಿ, ನಸ್ರೀನಳನ್ನು ಕೇಳಿಕೊಂಡೇ ಹೇಳಿದ: “ಹಿಂದೆಮುಂದೆ ಯೋಚಿಸಿ ನೋಡ್ತಾರಂತೆ. ಬೀಗ ತೆಗೀತೀವಿ ಅಂದಿಲ್ಲ.”

“ಯೋಚಿಸ್ಲಿ. ಅಲ್ಲೀವರೆಗೂ ನಾವು ಅಂಗಳದಲ್ಲಿ ಕೂತಿರ್ತೀವಿ” ಎಂದಳು ಪುಟ್ಟತಾಯಮ್ಮ.

ಮಿಷನ್ನುಗಳು ನಿಂತವು. ಸಂಜೆಯೊಳಗೆ ಬೀಗ ಕಳಚಿತು. ದೂರು ನಿಜವೆಂದು ಸಾಹೇಬರು ಎಲ್ಲರೆದುರು ಹೇಳಿದರು. ಚಂದ್ರಕಾಂತ ಅದನ್ನು ಒಂದಕ್ಷರ ನುಂಗದೆ ಕನ್ನಡದಲ್ಲಿ ಹೇಳಬೇಕಾಯಿತು.

ನೀತಿ: ಇನ್ನೊಬ್ಬರ ಮಾತು ಹೊರುವವನಿಗೆ ಯಾವ ಪದವೂ ಸಣ್ಣದಲ್ಲ. ಅರ್ಧ ತಿಳಿದು ಪೂರ್ತಿ ಹೇಳುವವನು ಸುಳ್ಳುಗಾರನಷ್ಟೇ ಕೇಡು ಮಾಡುತ್ತಾನೆ. ತಿಳಿಯದ ಮಾತಿಗೆ ಹೌದೆಂದು ತಲೆಯಾಡಿಸಬೇಡಿ.