ಬೆಕ್ಕಿನ ಮರಿಗಳಿಗೆ ಬಗೆಬಗೆಯ ಬಣ್ಣ ಬಂದದ್ದು

ಭೂಮಿ ಇನ್ನೂ ಹೊಸತು. ಹೊಳೆಗಳು ಹರಿಯೋಕೆ ದಾರಿ ಹುಡುಕುತ್ತಿದ್ದ ಕಾಲ. ಆಗ ಒಂದು ಜಾತಿಗೆ ಒಂದೇ ಬಣ್ಣ. ಹಸುಗಳೆಲ್ಲ ಬಿಳಿ, ಕಾಗೆಗಳೆಲ್ಲ ಕಪ್ಪು, ಬೆಕ್ಕುಗಳೆಲ್ಲ ಬೂದು. ಬಣ್ಣ ಹಾಕುತ್ತಿದ್ದವಳು ನೀಲಗಂಗಜ್ಜಿ. ಹೊಳೆದಂಡೆಯಲ್ಲಿ ಅವಳ ಬಣ್ಣದ ಗಡಿಗೆಗಳು ಸಾಲಾಗಿ ಕೂತಿರುತ್ತಿದ್ದವು.

ತುಂಗಿ ಎಂಬ ಬೆಕ್ಕಿಗೆ ನಾಲ್ಕು ಮರಿ. ನಾಲ್ಕೂ ಬೂದು, ಯಾವುದು ಯಾವುದೆಂದು ಗುರುತೇ ಸಿಗದು. ತುಂಗಿ ಮೀನು ಹಿಡಿದು ತಂದು ಒಂದೊಂದನ್ನೇ ಕರೆಯುತ್ತಿದ್ದಳು.

"ನೀನು ತಿಂದೆಯಾ?"

"ಇಲ್ಲಮ್ಮಾ," ಅನ್ನುತ್ತಿತ್ತು ಮರಿ, ಮೀಸೆ ನೆಕ್ಕಿಕೊಳ್ಳುತ್ತಾ.

ತಿಂದ ಮರಿಯೇ ಮತ್ತೆ ಬಂದು ತಿನ್ನುತ್ತಿತ್ತು. ಎಲ್ಲಕ್ಕಿಂತ ಚಿಕ್ಕದು ನಾಚಿಕೆಯಿಂದ ಹಿಂದೆಯೇ ಉಳಿಯುತ್ತಿತ್ತು. ಒಂದು ಬೆಳಗ್ಗೆ ಅದಕ್ಕೆ ಏಳಲೂ ಆಗಲಿಲ್ಲ. ಮೈಯೆಲ್ಲ ಎಲುಬು.

ತುಂಗಿ ಅದನ್ನು ಮೂಸಿ ನೋಡಿದಳು. "ಹೆತ್ತ ನನಗೇ ಹಸಿದವರು ಯಾರು ಅಂತ ಗೊತ್ತಾಗಲಿಲ್ಲವಲ್ಲಾ!" ಮೊದಲು ಅದಕ್ಕೆ ಹೊಟ್ಟೆತುಂಬ ಹಾಲು ಕುಡಿಸಿದಳು. ಆಮೇಲೆ ಅದನ್ನು ಬಾಯಲ್ಲಿ ಕಚ್ಚಿಕೊಂಡು, ಉಳಿದ ಮೂರನ್ನೂ ಹಿಂದೆ ಕಟ್ಟಿಕೊಂಡು ಹೊಳೆದಂಡೆಗೆ ಓಡಿದಳು.

"ಅಜ್ಜೀ, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಹಾಕಿಕೊಡು."

"ಒಂದು ಜಾತಿಗೆ ಒಂದೇ ಬಣ್ಣ ಕಣವ್ವಾ. ನಿನಗೆ ಕೊಟ್ಟರೆ ಎಲ್ಲರೂ ಬಂದು ಕೇಳ್ತಾರೆ."

"ಕೇಳಲಿ ಬಿಡು. ಈ ಕೂಸನ್ನೊಮ್ಮೆ ಎತ್ತಿ ನೋಡು."

ಅಜ್ಜಿ ಮರಿಯನ್ನು ಅಂಗೈ ಮೇಲಿಟ್ಟುಕೊಂಡಳು. ಹತ್ತಿಯಷ್ಟೂ ಭಾರವಿಲ್ಲ. ಅವಳು ಸೀರೆಯ ಸೆರಗು ಸಿಕ್ಕಿಸಿ ಎದ್ದಳು.

ಮೊದಲನೆಯದನ್ನು ಕರಿ ಗಡಿಗೆಯಲ್ಲಿ ಅದ್ದಿದಳು. ಎರಡನೆಯದನ್ನು ಬಿಳಿ ಗಡಿಗೆಯಲ್ಲಿ, ಮೂರನೆಯದನ್ನು ಕೆಂಚು ಗಡಿಗೆಯಲ್ಲಿ. ಚಿಕ್ಕದು ಗಡಿಗೆ ನೋಡಿದ್ದೇ ಗಡಗಡ ನಡುಗಿತು. "ಆಯ್ತು ಪುಟ್ಟಾ, ನಿನ್ನನ್ನು ಮುಳುಗಿಸಲ್ಲ," ಎಂದ ಅಜ್ಜಿ ಮೂರೂ ಬಣ್ಣದಲ್ಲಿ ಬೆರಳದ್ದಿ ಇಲ್ಲೊಂದು, ಅಲ್ಲೊಂದು ಮಚ್ಚೆ ಇಟ್ಟಳು. ಗಾಳಿ ಬಂದು ಉಫ್ ಎಂದು ಊದಿ ಒಣಗಿಸಿತು.

ಅಂದಿನಿಂದ ಯಾರು ಮೀಸೆ ನೆಕ್ಕಿ "ಇಲ್ಲಮ್ಮಾ" ಅಂದರೂ ತುಂಗಿ ಮೋಸ ಹೋಗಲಿಲ್ಲ. ಮಚ್ಚೆಮರಿ ತಿಂಗಳೊಳಗೆ ದುಂಡಗಾಯಿತು.

ಸುದ್ದಿ ಹಬ್ಬಿತು. ಹಸು ಬಂತು, ನಾಯಿ ಬಂತು, ಕೋಳಿ ಬಂತು. "ನಮಗೂ ಹಾಕಜ್ಜೀ!" ಅಜ್ಜಿ ನಗುತ್ತ ಎಲ್ಲರಿಗೂ ಬಳಿದಳು.

ಕಾಗೆಯೊಂದು ಮಾತ್ರ ಗಡಿಗೆಯ ಅಂಚಿನಲ್ಲಿ ಕೂತು ಕತ್ತು ಕೊಂಕಿಸಿತು. "ನಮಗೆ ಬೇಡಜ್ಜಿ. ಒಬ್ಬ ಕಾ ಅಂದರೆ ನೂರು ಜನ ಬರ್ತೀವಿ, ಒಂದು ಅಗುಳು ಸಿಕ್ಕರೂ ಹಂಚಿ ತಿಂತೀವಿ. ಯಾರು ಯಾರೆಂದು ಕೇಳೋರ್ಯಾರು?"

ಅದಕ್ಕೇ ಇವತ್ತಿಗೂ ಒಂದೇ ಬೆಕ್ಕಿನ ಮಗ್ಗುಲಲ್ಲಿ ಕರಿ, ಬಿಳಿ, ಕೆಂಚು, ಮಚ್ಚೆಮರಿಗಳು ಒಟ್ಟಿಗೆ ಮಲಗಿರುತ್ತವೆ. ಮನೆ ಮೇಲೆ ಕೂತ ಕಾಗೆ ನಿನ್ನೆ ಬಂದದ್ದೋ, ಇವತ್ತು ಹೊಸದಾಗಿ ಬಂದದ್ದೋ ಎಂದು ಮಾತ್ರ ನಿನಗೆ ಗೊತ್ತಾಗುವುದೇ ಇಲ್ಲ.